ಟಾಕಿಯ ಬಾಯಿಗೆ ಎರಡು ಪದರ ಬಟ್ಟೆ

ಗ್ಯಾರೇಜಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, ಯಾವ ಪಾನಾ ಸೆಟ್ ಕೊಳ್ಳಬೇಕು ಎಂದು. ಯಾವುದಾದರೂ ಕೊಳ್ಳಿರಪ್ಪಾ, ಎಲ್ಲ ಪಾನಾಗಳೂ ನಟ್ಟು ಬಿಚ್ಚುತ್ತವೆ. ಬಿಚ್ಚಿದ್ದನ್ನು ಮತ್ತೆ ಕೂಡಿಸುವಾಗ ನಿಮ್ಮ ತಲೆ ಎಲ್ಲಿರುತ್ತದೆ ಎನ್ನುವುದೇ ಈ ಕೆಲಸ. ಅಷ್ಟನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಜಾಣತನದ ಕಥೆ ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಿ. ನನ್ನ ಹೆಂಡತಿಯನ್ನಂತೂ ಕೇಳಬೇಡಿ, ಆಕೆ ನಗುತ್ತಾಳೆ.

ಚಿಕ್ಕೋಡಿಯಲ್ಲಿ ಹುಸೇನಸಾಬ ಉಸ್ತಾದರ ಗ್ಯಾರೇಜಿನಲ್ಲಿ ನಾನು ಮೂವತ್ತೆಂಟು ವರ್ಷ ದುಡಿದೆ. ಒಂದು ತಗಡಿನ ಚಪ್ಪರ, ಒಂದು ಬೇವಿನ ಮರ, ಗಾಡಿಯ ಕೆಳಗೆ ಇಳಿದು ನಿಲ್ಲಲು ಒಂದು ಕುಣಿ, ಇಷ್ಟೇ ನಮ್ಮ ಸಾಮ್ರಾಜ್ಯ. ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಗಾಡಿ ಬಂದರೆ ಡಿಕ್ಕಿ ತೆರೆದ ಕೂಡಲೇ ಸೀನು ಬರುತ್ತಿತ್ತು. ರಾಯಬಾಗದ ಕಡೆಯ ಗಾಡಿಗಳ ತಳಕ್ಕೆ ಕಬ್ಬಿನ ಹೊಲದ ಕರಿ ಮಣ್ಣು ಗೇಣುದ್ದ ಮೆತ್ತಿಕೊಂಡಿರುತ್ತಿತ್ತು. ಯಾವ ಊರಿನ ಗಾಡಿ ಎಂದು ನಂಬರು ನೋಡದೆ ಹೇಳುತ್ತಿದ್ದೆವು. ಈಗ ಬೆಳಿಗ್ಗೆ ಎದ್ದು ಚಹಾ ಕುಡಿದು ಕಟ್ಟೆಯ ಮೇಲೆ ಕೂತರೆ ಕೈಗೆ ಏನೂ ಕೆಲಸವಿಲ್ಲ. ಉಗುರಿನ ಸಂದಿಯ ಕಪ್ಪು ಕೂಡ ಹೋಗಿಬಿಟ್ಟಿದೆ. ಮೊದಲು ಅದನ್ನು ತೊಳೆಯಲು ಎಷ್ಟು ಸಾಬೂನು ಸವೆಸಿದ್ದೇನೋ, ಈಗ ಅದೇ ಬೇಕೆನಿಸುತ್ತದೆ.

ಉಸ್ತಾದರು ಕಲಿಸುವ ರೀತಿಯೇ ಬೇರೆ. ನಾನು ಸೇರಿದ ಎರಡನೇ ವರ್ಷ ಒಬ್ಬ ವಕೀಲರ ಅಂಬಾಸಿಡರ್ ಬಂತು. ಹದಿನೈದು ಕಿಲೋಮೀಟರ್ ಚೆನ್ನಾಗಿ ಓಡಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ. ನಾನು ಕಾರ್ಬೊರೇಟರ್ ನಾಲ್ಕು ಸಲ ಬಿಚ್ಚಿ ತೊಳೆದೆ. ಪೆಟ್ರೋಲ್ ಪಂಪ್ ಬದಲಿಸಿದೆ. ಪ್ಲಗ್ಗು, ಪಾಯಿಂಟು, ಕಾಯಿಲ್ಲು ಯಾವುದನ್ನೂ ಬಿಡಲಿಲ್ಲ. ಐದನೇ ದಿನ ಉಸ್ತಾದರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ನಿಲ್ಲುವ ತನಕ ಓಡಿಸಿದರು. ನಿಂತ ಮೇಲೆ ಸಾವಕಾಶ ಇಳಿದು, ಹಿಂದೆ ಹೋಗಿ, ಪೆಟ್ರೋಲ್ ಟಾಕಿಯ ಮುಚ್ಚಳ ತಿರುಗಿಸಿದರು. ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಿದರು. ಕೀಲಿ ತಿರುಗಿಸಿದರೆ ಗಾಡಿ ಚಾಲೂ.

“ಏ ಶಂಕರ್ಯಾ,” ಎಂದರು, “ನಿನಗ ಮೂಗು ಐತಿ, ಟಾಕೀಗಿಲ್ಲೇನ್ ಬೇ? ಪೆಟ್ರೋಲ್ ಹೊರಗ ಹೋದಷ್ಟ ಗಾಳಿ ಒಳಗ ಬರಬೇಕು. ಬರಲಿಲ್ಲಂದ್ರ ಪಂಪ್ ಎಷ್ಟ ಜಗ್ಗಿದ್ರೂ ಒಂದ ಹನಿ ಬರೂದಿಲ್ಲ. ಐದ ದಿನ ಆತು, ಬ್ಯಾನಿ ಕಾಲಾಗಿದ್ರ ನೀ ತಲೀಗಿ ಪಟ್ಟಿ ಕಟ್ಟಾಕತ್ತೀದಿ.”

ಟಾಕಿಗೆ ಗಾಳಿ ಹೋಗಲು ಒಂದು ಸಣ್ಣ ನಳಿಗೆ ಇರುತ್ತದೆ. ನಾವು ಬ್ರೀದರ್ ಎನ್ನುತ್ತಿದ್ದೆವು. ವಕೀಲರ ಗಾಡಿಯದು ಮಣ್ಣು ಹೊಕ್ಕು ಕಟ್ಟಿತ್ತು. ಒಂದು ತಂತಿ ಆಡಿಸಿದ್ದಕ್ಕೆ ಐದು ದಿನದ ರೋಗ ವಾಸಿಯಾಯಿತು. ಇನ್ನು ಈ ತಪ್ಪು ಜನ್ಮದಲ್ಲಿ ಮಾಡುವುದಿಲ್ಲ ಎಂದು ಆವತ್ತು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭ.

ಟಾಕಿಯ ಕೆಲಸ ಆಗ ಅಪಾಯದ್ದು. ಸೋರುವ ಟಾಕಿಗೆ ಬೆಸುಗೆ ಹಾಕಬೇಕಾದರೆ ಮೊದಲು ಸೋಡಾ ಹಾಕಿದ ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು, ಎರಡು ದಿನ ಬಿಸಿಲಿಗೆ ಬಾಯಿ ತೆರೆದು ಇಡಬೇಕು. ಆಮೇಲೆ ಕುತ್ತಿಗೆಯ ತನಕ ನೀರು ತುಂಬಿ, ತೂತಿನ ಹತ್ತಿರ ಮಾತ್ರ ಒಣಗಿರುವಂತೆ ಓರೆ ಮಾಡಿ ಕಾಯಿಸಬೇಕು. ಉಸ್ತಾದರು ಒಮ್ಮೆ ಮದುವೆ ಮನೆಯ ಗಾಡಿ ಎಂದು ಅವಸರದಲ್ಲಿ ಒಂದೇ ಸಲ ತೊಳೆದು ಕುಳಿತರು. ಢಬ್ ಎಂದಿತು. ಹೊಗೆ ಸರಿದ ಮೇಲೆ ನೋಡಿದರೆ ಎರಡೂ ಹುಬ್ಬು ಇಲ್ಲ. ತಿಂಗಳು ಪೂರ್ತಿ ಅವರು ಎದುರಾದವರಿಗೆಲ್ಲ ಆಶ್ಚರ್ಯಪಟ್ಟವರಂತೆಯೇ ಕಾಣುತ್ತಿದ್ದರು. ನಾವು ನಗುವಂತಿರಲಿಲ್ಲ, ಅವರೇ ಕನ್ನಡಿ ನೋಡಿ ನಗುತ್ತಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಈಗಲೂ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಹಿಂದೆ ತಿರುಗಿ ನೋಡುತ್ತೇನೆ.

ಈಗಿನ ಗಾಡಿಗಳಲ್ಲಿ ಟಾಕಿ ಪ್ಲಾಸ್ಟಿಕ್ಕಿನದು, ಪಂಪು ಟಾಕಿಯೊಳಗೇ, ಆವಿ ಹೊರಗೆ ಹೋಗದಂತೆ ಇದ್ದಿಲಿನ ಡಬ್ಬಿ. ಏನಾದರೂ ಕೆಟ್ಟರೆ ಕಂಪ್ಯೂಟರಿಗೆ ವಾಯರ್ ಚುಚ್ಚಿದರೆ ಅದೇ ಹೇಳುತ್ತದೆ. ಒಳ್ಳೆಯದೇ ಆಯಿತು, ನಿಮ್ಮ ಹುಬ್ಬು ಉಳಿದವು. ಆದರೆ ನಾವು ಟಾಕಿಗೆ ಕಿವಿ ಹಚ್ಚಿ ಕೇಳುತ್ತಿದ್ದೆವಲ್ಲ, ಆ ಸುಖ ನಿಮಗೆ ಗೊತ್ತಾಗುವುದಿಲ್ಲ.

ಇಷ್ಟು ಪೀಠಿಕೆ ಸಾಕು. ನಾನು ಹೇಳಬೇಕಾದದ್ದು ಜುಗೂಳದ ಶಾಂತಕ್ಕನವರ ಗಾಡಿಯ ಸಂಗತಿ.

ಶಾಂತಕ್ಕ ಜುಗೂಳದ ಜೈನ ಒಕ್ಕಲುತನದ ಮನೆಯವರು. ಮದುವೆ ಬೇಡ ಎಂದು ಚಿಕ್ಕ ವಯಸ್ಸಿನಲ್ಲೇ ಹೇಳಿ ಅಣ್ಣ ಪಾಯಪ್ಪನವರ ಮನೆಯಲ್ಲಿ ಉಳಿದಿದ್ದರು. ಆ ಮನೆಯಲ್ಲಿ ಒಂದು ಬಿಳಿ ಅಂಬಾಸಿಡರ್ ಇತ್ತು. ಪಾಯಪ್ಪನವರಿಗೆ ಗಾಡಿ ಎಂದರೆ ಹೆದರಿಕೆ, ಕೀಲಿ ಮುಟ್ಟುತ್ತಿರಲಿಲ್ಲ. ಮೂವತ್ತರ ಪ್ರಾಯದ ಶಾಂತಕ್ಕ ಒಂದು ದಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಮಿಸ್ತ್ರಿ, ನನಗ ಕಲಸ್ರಿ” ಎಂದರು. ಹೊಳೆಯ ದಂಡೆಯ ರಸ್ತೆಯಲ್ಲಿ ನಾನೇ ಕಲಿಸಿದೆ. ಊರ ಮಂದಿ ಹೊಲದ ಕೆಲಸ ಬಿಟ್ಟು ನೋಡಲು ನಿಲ್ಲುತ್ತಿದ್ದರು. ಎರಡು ವಾರ ನಕ್ಕರು. ಆಮೇಲೆ ಬಸುರಿಯರನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಅವರ ಬಾಗಿಲಿಗೇ ಬಂದರು. ಮೂವತ್ತು ವರ್ಷ ಆ ಗಾಡಿಯನ್ನು ಓಡಿಸಿದವರು ಅವರು, ರಿಪೇರಿ ಮಾಡಿದವನು ನಾನು. ಇಂಜಿನ್ನಿನ ದನಿ ಒಂದೆಳೆ ಬದಲಾದರೂ ಅವರಿಗೆ ತಿಳಿಯುತ್ತಿತ್ತು. ಅಂಥ ಕಿವಿ ನಮ್ಮ ಗ್ಯಾರೇಜಿನಲ್ಲಿ ಉಸ್ತಾದರನ್ನು ಬಿಟ್ಟರೆ ಯಾರಿಗೂ ಇರಲಿಲ್ಲ.

ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ಅವರು ಗಾಡಿ ತಂದು ಚಪ್ಪರದ ಕೆಳಗೆ ನಿಲ್ಲಿಸಿದರು.

“ದೀಕ್ಷಾ ತಗೊಳಾಕತ್ತೇನ್ರಿ ಮಿಸ್ತ್ರಿ,” ಎಂದರು, ಸಂತೆಗೆ ಹೋಗುತ್ತೇನೆ ಎಂದಷ್ಟೇ ಸಲೀಸಾಗಿ. “ಮಳಿಗಾಲ ಮುಗಿದ ಮ್ಯಾಲ. ಅದಕ್ಕ ಮೊದಲ ಬೀಗರು ಬಿಜ್ಜರ ಮನಿಗೊಳಿಗೆ ಒಂದ ಸುತ್ತ ಹೋಗಿ ಬರಬೇಕು. ಗಾಡಿ ನಡುವ ನಿಂದರಬಾರದು ನೋಡ್ರಿ. ಆಮ್ಯಾಲ ನಾ ಗಾಡಿ ಹತ್ತೂದಿಲ್ಲ.”

ದೀಕ್ಷೆ ಪಡೆದು ಜೈನ ಸನ್ಯಾಸಿನಿಯಾದ ಮಾತಾಜಿಯವರು ಯಾವ ವಾಹನವನ್ನೂ ಏರುವುದಿಲ್ಲ, ಊರಿಂದೂರಿಗೆ ಬರಿಗಾಲಲ್ಲಿ ನಡೆಯುತ್ತಾರೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೆ ಎಷ್ಟೋ ಗಾಡಿಗಳಿದ್ದವು. ಆದರೆ ಆ ಗಾಡಿಯ ದನಿ ರಸ್ತೆಯ ತಿರುವಿನಲ್ಲಿ ಕೇಳಿದರೆ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದೆ.

ಅವರು ಅಂದು ಇನ್ನೊಂದು ಮಾತು ಹೇಳಿದರು. ಅವರ ತಾಯಿ ಬೇಗ ತೀರಿಕೊಂಡಿದ್ದರು. ಶಾಂತಕ್ಕನನ್ನು ಬಾಯಿಗೆ ತುತ್ತಿಟ್ಟು ಬೆಳೆಸಿದವರು ಹಿರಿಯ ಅಕ್ಕ ಚಂಪಾಬಾಯಿ. ಅವರನ್ನು ಕಾಗವಾಡಕ್ಕೆ ಕೊಟ್ಟಿತ್ತು. ಸುತ್ತಿನ ಕೊನೆಯ ಮನೆ ಅದು. ಶಾಂತಕ್ಕ ಆಗಲೇ ದಿನಕ್ಕೆ ಒಂದೇ ಊಟದ ವ್ರತ ಹಿಡಿದಿದ್ದರು. ಸುತ್ತು ಹೋಗುವ ದಿನದ ಆ ಒಂದು ಊಟವನ್ನು ಅಕ್ಕನ ಕೈಯಿಂದ ಉಣ್ಣಬೇಕು, ಮರುದಿನ ದೀಕ್ಷೆಯ ಉಪವಾಸ. ಹೊತ್ತು ಮುಳುಗಿದರೆ ಅವರು ನೀರನ್ನೂ ಮುಟ್ಟುವುದಿಲ್ಲ. “ಅಕ್ಕ ಒಂದ ತಿಂಗಳಿಂದ ಕೇಳಾಕತ್ತಾಳ, ಏನ ಮಾಡ್ಲಿ ನಿನಗ, ಏನ ಮಾಡ್ಲಿ ಅಂತ,” ಎಂದು ನಕ್ಕರು. ಅಂದರೆ ನನ್ನ ಮೇಲಿದ್ದ ಹೊಣೆ ಇಷ್ಟೇ: ಹೊತ್ತು ಮುಳುಗುವುದರೊಳಗೆ ಗಾಡಿ ಕಾಗವಾಡ ಮುಟ್ಟಬೇಕು.

ಗಾಡಿ ಕುಣಿಯ ಮೇಲೆ ನಿಲ್ಲಿಸಿ ಕೆಳಗಿಳಿದು ನೋಡಿದೆ. ಟಾಕಿ ಮುಗಿದಿತ್ತು. ಈಚೆಗೆ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸುತ್ತಾರೆ, ಅದು ನೀರು ಎಳೆಯುತ್ತದೆ, ಹಳೆ ತಗಡಿಗೆ ಆಗಿಬರುವುದಿಲ್ಲ. ತಳವೆಲ್ಲ ತುಕ್ಕು. ಎರಡು ಕಡೆ ಸೋರಿಕೆಗೆ ಶಾಂತಕ್ಕ ತಾವೇ ಬಟ್ಟೆ ಸಾಬೂನು ಮೆತ್ತಿದ್ದರು. ರಬ್ಬರ್ ಪೈಪುಗಳು ಉಬ್ಬಿ ಮೆತ್ತಗಾಗಿದ್ದವು. ಬ್ರೀದರ್ ನಳಿಗೆಯ ಬಾಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗಾಳಿಯಿಲ್ಲದೆ ಟಾಕಿಯ ಮೇಲ್ಮೈ ಒಳಗೆ ಜಗ್ಗಿ ತಗ್ಗು ಬಿದ್ದಿತ್ತು. ನಾನು ತಂತಿ ಎತ್ತಿಕೊಂಡೆ.

“ಏ ಏ, ತಡೀರಿ,” ಎಂದರು ಶಾಂತಕ್ಕ ಮೇಲಿನಿಂದ. “ಒಳಗ ಮರಿ ಇರ್ತಾವ.”

“ಅಕ್ಕಾ, ಹುಳದ ಗೂಡ್ರಿ ಅದು.”

“ಹುಳಕ್ಕ ಜೀವ ಇಲ್ಲೇನು?”

ಹೇಗೂ ಎಲ್ಲ ಬದಲಿಸುವುದೇ ಇತ್ತಲ್ಲ, ಗೂಡಿನ ಸಮೇತ ನಳಿಗೆಯನ್ನು ಕತ್ತರಿಸಿ ತೆಗೆದು ಬೇವಿನ ಮರಕ್ಕೆ ಕಟ್ಟಿದೆ. ಬಂದವರೆಲ್ಲ ಅದೇನು ಎಂದು ಕೇಳುವವರೇ. “ಬಾಣಂತಿ ಕೋಣಿ,” ಎನ್ನುತ್ತಿದ್ದೆ. ಎರಡು ವಾರ ಕಳೆದ ಮೇಲೆ ಗೂಡಿಗೆ ತೂತು ಬಿದ್ದಿತ್ತು, ಮರಿಗಳು ಹಾರಿಹೋಗಿದ್ದವು. ಫೋನ್ ಮಾಡಿ ಹೇಳಿದೆ. ಶಾಂತಕ್ಕನಿಗೆ ಆದ ಸಂತೋಷ, ಹೊಸ ಟಾಕಿ ಸಿಕ್ಕಿತು ಎಂದಾಗಲೂ ಆಗಿರಲಿಲ್ಲ.

ಟಾಕಿ ಕೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು, ಎಂದೂ ಗಾಡಿಗೆ ಕೂಡಿಸದ ಕೋರಾ ಟಾಕಿ. ನನ್ನ ಕೈಯಾರೆ ಕೂಡಿಸಿದೆ. ಮೊದಲು ಬ್ಯಾಟರಿ ವಾಯರ್ ಬಿಚ್ಚಿ, ಹಳೆಯ ಪೆಟ್ರೋಲ್ ಇಳಿಸಿ, ಟಾಕಿಯನ್ನು ಹಿಡಿದಿಡುವ ಪಟ್ಟಿಗಳ ತುಕ್ಕು ಹಿಡಿದ ನಟ್ಟುಗಳಿಗೆ ಒಂದು ದಿನ ಎಣ್ಣೆ ಕುಡಿಸಿ ಬಿಚ್ಚಿದೆ. ಹೊಸ ಟಾಕಿಯ ಕೆಳಗೆ ಪಟ್ಟಿ ತಿಕ್ಕದಂತೆ ರಬ್ಬರ್ ಇಟ್ಟೆ. ಸ್ಪಿರಿಟ್ ತಡೆಯುವ ಪೈಪು ಹಾಕಿದೆ. ಬ್ರೀದರಿಗೆ ತಾಮ್ರದ ನಳಿಗೆ ತಂದು, ಒಳಗೆ ಮರಳು ತುಂಬಿ ಮಡಿಕೆ ಬೀಳದಂತೆ ಬಗ್ಗಿಸಿ, ಬಾಯಿ ಕೆಳಗೆ ಮಾಡಿ ಕೂಡಿಸಿದೆ. ಅಷ್ಟು ಚೆಂದದ ಕೆಲಸ ನಾನು ಮಾಡಿದ್ದೇ ಕಡಿಮೆ. ಬಿಚ್ಚಿ ಮನೆಗೆ ಒಯ್ದು ಗೋಡೆಗೆ ತೂಗುಹಾಕಬೇಕು ಅನ್ನಿಸುತ್ತಿತ್ತು.

ಗಾಡಿ ಒಯ್ಯಲು ಬಂದ ಶಾಂತಕ್ಕ ಬಗ್ಗಿ ನೋಡಿ, ಚೀಲದಿಂದ ಬಿಳಿ ಬಟ್ಟೆಯ ತುಂಡು ತೆಗೆದರು. ಅವರ ಮನೆಗಳಲ್ಲಿ ಕುಡಿಯುವ ನೀರನ್ನು ಗಾಳಿಸುವ ದಪ್ಪ ಬಟ್ಟೆ. ಅದನ್ನು ಎರಡು ಪದರ ಮಾಡಿ ತಾಮ್ರದ ನಳಿಗೆಯ ಬಾಯಿಗೆ ಸುತ್ತಿ ನೂಲಿನಿಂದ ಕಟ್ಟಿದರು.

“ಇನ್ನ ಯಾವ ಹುಳಾನೂ ಒಳಗ ಹೋಗಿ ಸಾಯೂದಿಲ್ಲ,” ಎಂದರು.

“ಒಂದ ಪದರ ಸಾಕಿತ್ರಿ ಅಕ್ಕಾ.”

“ನೀರಿಗೂ ಎರಡ ಪದರನ ಹಾಕ್ತೇವ್ರಿ.”

ಬೇಡ ಎನ್ನಬೇಕಿತ್ತು. ನನಗೆ ಗೊತ್ತಿತ್ತು. ಆದರೆ ಎಲ್ಲವನ್ನೂ ಬಿಟ್ಟು ಹೋಗುವವರು ಒಂದು ತುಂಡು ಬಟ್ಟೆ ಕಟ್ಟುತ್ತೇನೆ ಎಂದರೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಬಟ್ಟೆಯ ಮೂಲಕ ಊದಿ ನೋಡಿದೆ, ಗಾಳಿ ಹೋಗುತ್ತಿತ್ತು. ಊರ ಹೊರಗಿನ ತನಕ ಒಂದು ಸುತ್ತು ಓಡಿಸಿದೆ, ಗಾಡಿ ಹೂವಿನಂತೆ ಓಡಿತು. ಅಷ್ಟಕ್ಕೇ ತೃಪ್ತನಾದೆ. ಹದಿನೈದು ಕಿಲೋಮೀಟರಿಗೆ ಬರುವ ರೋಗವನ್ನು ಮೂರು ಕಿಲೋಮೀಟರಿನಲ್ಲಿ ಹುಡುಕಿದವನು ನಾನು.

ದೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಜುಗೂಳದಿಂದ ಹೊರಟೆವು. ಶಾಂತಕ್ಕ ಓಡಿಸುತ್ತಿದ್ದರು, ಪಾಯಪ್ಪ ಪಕ್ಕದಲ್ಲಿ, ಏನಾದರೂ ಬೇಕಾದೀತು ಎಂದು ನಾನು ಹಿಂದೆ. ಯಡೂರಿನಲ್ಲಿ ಇಳಿದು ಹೊಳೆ ನೋಡಿದೆವು. ಚಿಕ್ಕೋಡಿ, ರಾಯಬಾಗ, ಅಥಣಿ, ಐಗಳಿ, ಎಲ್ಲ ಕಡೆ ಹೆಂಗಸರು ಉಡಿ ತುಂಬಿ, ಕೈ ಹಿಡಿದು ಅತ್ತರು. ಏನಾದರೂ ಉಣ್ಣು ಎಂದು ಬೇಡಿಕೊಂಡರು. “ಅಕ್ಕನ ಮನ್ಯಾಗ ಐತಿ,” ಎನ್ನುತ್ತಿದ್ದರು ಶಾಂತಕ್ಕ. ಹಿಂದಿನ ವಾರ ಮಳೆಯಾಗಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ತುಳಿದ ರಸ್ತೆಯ ರಾಡಿ ಗಾಡಿಯ ತಳಕ್ಕೆ ದಿನವಿಡೀ ಸಿಡಿಯುತ್ತಿತ್ತು. ಅಥಣಿಯಲ್ಲಿ ಟಾಕಿ ತುಳುಕುವಷ್ಟು ಪೆಟ್ರೋಲ್ ಹಾಕಿಸಿದೆವು.

ಐಗಳಿಯಿಂದ ಹೊರಟಾಗ ಹೊತ್ತು ಇನ್ನೂ ಮೇಲಿತ್ತು. ಅಥಣಿ ದಾಟಿ ಕಾಗವಾಡದ ದಾರಿ ಹಿಡಿದ ಮೇಲೆ ಗಾಡಿ ಒಂದೆರಡು ಸಲ ಮುಗ್ಗರಿಸಿ ನಿಂತಿತು.

ಇಲ್ಲಿ ಗಮನವಿಟ್ಟು ಓದಿ. ನಾನು ಬಾನೆಟ್ ಎತ್ತಿದೆ. ಪಂಪ್ ಕಾದಿದೆ ಎಂದೆ. ಹಸಿ ಬಟ್ಟೆ ಸುತ್ತಿದೆ. ಸ್ವಲ್ಪ ಹೊತ್ತಿಗೆ ಚಾಲೂ ಆಯಿತು, ನೋಡಿದಿರಾ ಎಂದು ಕೈ ಒರೆಸಿಕೊಂಡೆ. ನಾಲ್ಕು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಕಾರ್ಬೊರೇಟರ್ ಬಿಚ್ಚಿದೆ. ಮತ್ತೆ ಚಾಲೂ, ಮತ್ತೆ ನಿಂತಿತು. ಕಬ್ಬಿನ ಹೊಲಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಪಾಯಪ್ಪ ಗಡಿಯಾರ ನೋಡಿ ಕೈ ಮಡಚಿಕೊಂಡರು. ನನ್ನ ಬೆವರು ಇಂಜಿನ್ನಿನ ಮೇಲೆ ಬೀಳುತ್ತಿತ್ತು. ಇಷ್ಟಾದರೂ ಹಿಂದಿನ ಟಾಕಿಯ ಕಡೆಗೆ ನನ್ನ ಮನಸ್ಸು ಹೋಗಲಿಲ್ಲ. ಯಾಕೆಂದರೆ ಅದು ನಾನು ಮಾಡಿದ ಕೆಲಸ. ಅದರಲ್ಲಿ ತಪ್ಪಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಶಾಂತಕ್ಕ ಸೀಟಿನಿಂದ ಇಳಿದು ಬಂದರು. “ಮಿಸ್ತ್ರಿ, ಟಾಕಿ ಮುಚ್ಚಳ ತಗೀರಿ,” ಎಂದರು.

ತೆಗೆದೆ. ಸುಸ್ಸ್ ಎಂದಿತು.

ಕೆಳಗೆ ಬಗ್ಗಿ ನೋಡಿದರೆ, ತುಳುಕಿದ ಪೆಟ್ರೋಲಿಗೆ ಒದ್ದೆಯಾದ ಬಟ್ಟೆಯ ಮೇಲೆ ರಾಡಿ ಕೂತು, ಬಿಸಿಲಿಗೆ ಒಣಗಿ, ಗಾರೆ ಮೆತ್ತಿ ಗಿಲಾಯಿ ಮಾಡಿದ ಗೋಡೆಯಂತಾಗಿತ್ತು. ಶಾಂತಕ್ಕ ನೂಲು ಹರಿದು ಬಟ್ಟೆ ಕೈಯಲ್ಲಿ ಹಿಡಿದುಕೊಂಡು ನಿಂತರು. “ಜೀವ ಉಳಸಾಕ ಹೋಗಿ ಉಸರ ಕಟ್ಟಿದ್ವಲ್ರಿ,” ಎಂದರು. ನಗಲು ನೋಡಿದರು, ಆಗಲಿಲ್ಲ. ಪಡುವಣ ದಿಕ್ಕಿಗೆ ಒಮ್ಮೆ ನೋಡಿ ಸೀಟಿಗೆ ಹೋಗಿ ಕೂತರು. ಆಮೇಲೆ ಅವರು ಓಡಿಸಿದ ರೀತಿಯಲ್ಲಿ ಆ ಗಾಡಿ ಎಂದೂ ಓಡಿರಲಿಲ್ಲ. ಇಂಜಿನ್ನಿನ ದನಿ ಅಷ್ಟು ಚೆನ್ನಾಗಿತ್ತು. ಕೇಳುತ್ತ ನನಗೆ ಅಳು ಬಂತು.

ಕಾಗವಾಡದಲ್ಲಿ ಚಂಪಾಬಾಯಿ ತಾಟು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. ಎದುರು ಮನೆಯ ಮಾಳಿಗೆಯ ಮೇಲಿನ ಬೆಳಕು ಆಗಷ್ಟೇ ಹೋಗಿತ್ತು. ಶಾಂತಕ್ಕ ಮೆಟ್ಟಿಲ ಕೆಳಗೇ ನಿಂತರು. ಅಕ್ಕ ತಂಗಿ ಇಬ್ಬರೂ ಮೇಲೆ ನೋಡಿದರು, ಒಬ್ಬರನ್ನೊಬ್ಬರು ನೋಡಿದರು.

“ಹೊತ್ತ ಮುಳಗೇತಿ ಅಕ್ಕಾ,” ಎಂದರು ಶಾಂತಕ್ಕ. “ನಾನ ತಡಾ ಮಾಡಿದೆ. ನಾನ ಕಟ್ಟಿದ ಬಟ್ಟಿಯಿಂದ ಗಾಡಿ ನಿಂತಿತು.”

ಚಂಪಾಬಾಯಿ ತಾಟು ಒಳಗಿಟ್ಟು ಬಂದು ತಂಗಿಯ ತಲೆ ಎದೆಗೆ ಒತ್ತಿಕೊಂಡರು. ನಾನು ಗಾಡಿಯ ಹಿಂದೆ ನಿಂತಿದ್ದೆ. ನನ್ನ ತಪ್ಪು ಎಂದು ಹೇಳಲು ಎರಡು ಹೆಜ್ಜೆ ಮುಂದೆ ಬರಬೇಕಿತ್ತು, ಬರಲಿಲ್ಲ. ಉಸ್ತಾದರು ಇದ್ದಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು, ನನಗೂ ಹಗುರವಾಗುತ್ತಿತ್ತು.

ಮರುದಿನ ದೀಕ್ಷೆಯಾಯಿತು. ಅವರ ಹೊಸ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪಾಯಪ್ಪ ಗಾಡಿಯನ್ನು ಮಿರಜಿನ ಕಡೆಯ ಯಾರಿಗೋ ಕೊಟ್ಟರು. ನಾನೂ ಕೆಲಸ ಬಿಟ್ಟೆ. ಮಧ್ಯಾಹ್ನ ಮಂಪರಿನಲ್ಲಿ ಆ ಗಾಡಿಯ ದನಿ ಕೇಳಿದಂತಾಗಿ ಎಷ್ಟೋ ಸಲ ಎದ್ದು ಕೂತಿದ್ದೇನೆ.

ಹೋದ ಚಳಿಗಾಲ ಚಂಪಾಬಾಯಿಯವರಿಂದ ಫೋನು ಬಂತು. “ಮಾತಾಜಿ ನಮ್ಮೂರಿಗೆ ಬಂದಾರ. ನಾಳೆ ಬಾ.” ಹೋದೆ. ಮಾತಾಜಿಯವರು ದಿನಕ್ಕೆ ಒಮ್ಮೆ ಬೆಳಿಗ್ಗೆ ಆಹಾರಕ್ಕೆ ಹೊರಡುತ್ತಾರೆ. ಮನೆಯವರು ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ಬಾಗಿಲಲ್ಲಿ ಇಂಥದೊಂದು ಕಂಡರೆ ಮಾತ್ರ ಉಣ್ಣುತ್ತೇನೆ ಎಂದು ಅವರು ಮನಸ್ಸಿನಲ್ಲಿ ಒಂದು ನೇಮ ಹಿಡಿದು ಬರುತ್ತಾರೆ. ಆ ನೇಮ ಏನೆಂದು ಯಾರಿಗೂ ಹೇಳುವುದಿಲ್ಲ. ಅದು ಕೂಡಿಬಂದ ಮನೆಯ ಮುಂದೆ ಮಾತ್ರ ನಿಲ್ಲುತ್ತಾರೆ, ಅಲ್ಲಿಯೇ ಅಂಗೈ ಜೋಡಿಸಿ ಒಡ್ಡಿ ಉಣ್ಣುತ್ತಾರೆ. ಚಂಪಾಬಾಯಿಗೆ ಎಂಬತ್ತು ದಾಟಿತ್ತು. ಬೆಳಗಿನ ಜಾವವೇ ಎದ್ದು ಎಲ್ಲ ತಾವೇ ಮಾಡಿದ್ದರು. ಯಾರಾದರೂ ಕಲಶ ಹಿಡಿಯುತ್ತೇವೆ ಎಂದರೆ ಬೈಯುತ್ತಿದ್ದರು.

ಓಣಿಯ ತುದಿಯಲ್ಲಿ ಬಿಳಿ ಸೀರೆಯ ಮೂವರು ಬಂದರು. ನಡುವಿನವರು ಶಾಂತಕ್ಕ. ಬಹಳ ಸೊರಗಿದ್ದರು, ಪಾದ ಒಡೆದಿದ್ದವು. ಚಂಪಾಬಾಯಿ ದನಿ ಎತ್ತಿ ಕರೆದರು. ಶಾಂತಕ್ಕ ಮನೆಯ ಮುಂದೆ ಬಂದರು. ಹೆಜ್ಜೆ ಒಂದು ಗಳಿಗೆ ತಡೆಯಿತು ಎಂದು ನನಗೆ ಅನ್ನಿಸಿತು. ಅದು ನನ್ನ ಆಸೆಯೂ ಇರಬಹುದು. ನೇಮ ಕೂಡಲಿಲ್ಲ. ಅವರು ಮುಂದೆ ನಡೆದು ನಾಲ್ಕನೇ ಮನೆಯ ಬಾಗಿಲಲ್ಲಿ ನಿಂತರು.

ಚಂಪಾಬಾಯಿ ಕಲಶ ಕೆಳಗಿಟ್ಟು ಕಟ್ಟೆಯ ಮೇಲೆ ಕೂತರು. ಓಣಿಯ ಮಂದಿ ಎಲ್ಲ ಆ ಮನೆಯ ಕಡೆ ಹೋದರು. ಉಳಿದವರು ನಾವಿಬ್ಬರೇ.

“ಅವ್ವಾರ,” ಎಂದೆ, “ಆವತ್ತ ಗಾಡಿ ನಿಂತಿದ್ದು ನನ್ನ ತಪ್ಪಿನಿಂದರಿ. ಬಟ್ಟಿ ಕಟ್ಟಬ್ಯಾಡ್ರಿ ಅನ್ನೂದು ನನ್ನ ಕೆಲಸಿತ್ತು. ನಿಂತ ಮ್ಯಾಲೂ ನಾ ಅಲ್ಲಿ ನೋಡಲಿಲ್ಲ.”

“ಗೊತ್ತೈತಿ,” ಎಂದರು ಅವರು. “ನನ್ನದ ತಪ್ಪ ಅಂತ ಆಕಿ ಅಂದಾಗನ ತಿಳೀತು. ಸಣ್ಣಾಕಿದ್ದಾಗಿಂದ ಮಂದಿ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕಿ ಆಕಿ.” ಮೊಣಕಾಲಿಗೆ ಕೈ ಊರಿ ಎದ್ದರು. “ನಡಿ ಒಳಗ. ಕೈಕಾಲ ತೊಳಕೋ. ಮಾಡಿದ್ದ ಆರಾಕತ್ತೈತಿ.”

“ನನಗ ಬ್ಯಾಡ್ರಿ ಅವ್ವಾರ.”

“ಯಾರರೆ ಉಣ್ಣಬೇಕಲ್ಲೋ.”

ಪಡಸಾಲೆಯಲ್ಲಿ ಕೂರಿಸಿ ತಾಟು ಇಟ್ಟರು. ಬಿಸಿ ಹೆಸರುಬೇಳೆ, ತುಪ್ಪ, ಗೋದಿಯ ಹುಗ್ಗಿ. ನಾನು ತಲೆ ತಗ್ಗಿಸಿ ಕೂತೇ ಇದ್ದೆ. ಅವರು ಎದುರಿಗೆ ಕೂತು ಹುಗ್ಗಿಯ ಮೊದಲ ತುತ್ತನ್ನು ತಾವೇ ಎತ್ತಿ ಹಿಡಿದರು. ನಾನು ಎರಡೂ ಅಂಗೈ ಜೋಡಿಸಿ ಒಡ್ಡಿದೆ.